ಮಂಗನ ಕಾಯಿಲೆಯಲ್ಲಿ ಮಂಗನ ಪಾಲೆಷ್ಟು?

ಮಳೆ ನಿಂತು ಚಳಿಗಾಲ ಬಂದಿತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ರೈತರಿಗೆ ಕಾಡಿನ ಕೆಲಸ ಹೆಚ್ಚು. ಕೊಟ್ಟಿಗೆಗೆ ದರಗು ಬೇಕು, ಅಡಕೆಯ ತೋಟಕ್ಕೆ ಸೊಪ್ಪು ಬೇಕು, ಮುಂದಿನ ಮಳೆಗಾಲಕ್ಕೆ ಸೌದೆ ಕೂಡಿಡಬೇಕು. ಅದೇ ತಿಂಗಳುಗಳಲ್ಲಿ ಈ ಸೀಮೆಯಲ್ಲಿ ಒಂದು ಉಗ್ರ ಜ್ವರವೂ ತಲೆದೋರುವುದು. ಜನರು ಅದನ್ನು ಮಂಗನ ಕಾಯಿಲೆ ಎನ್ನುವರು. ವೈದ್ಯಗ್ರಂಥಗಳಲ್ಲಿ ಅದಕ್ಕೆ ಕ್ಯಾಸನೂರು ಕಾಡಿನ ಕಾಯಿಲೆ ಎಂದು ಹೆಸರು. ಜನರಿಟ್ಟ ಹೆಸರನ್ನು ಕೇಳಿದಾಗ ಮಂಗನೇ ಅಪರಾಧಿಯೆಂದು ತೋರುವುದು ಸಹಜ. ಈ ಆಪಾದನೆ ಎಷ್ಟರಮಟ್ಟಿಗೆ ನಿಜವೆಂಬುದನ್ನು ವಿಚಾರಿಸೋಣ. ಇದು ಬರಿಯ ಕುತೂಹಲದ ಮಾತಲ್ಲ, ಪ್ರಾಣದ ಮಾತು.

ಸಾಗರಕ್ಕೆ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರ ಬೇಸಗೆಯ ಮೊದಲಲ್ಲಿ ಮಂಗಗಳು ಸತ್ತುಬಿದ್ದವು. ಸುತ್ತಲಿನ ಹಳ್ಳಿಗಳ ಜನರೂ ಜ್ವರದಿಂದ ನರಳಿದರು. ದಕ್ಷಿಣ ಅಮೆರಿಕದಲ್ಲಿ ಕಾಡಿನ ಕೋತಿಗಳನ್ನೂ ಮನುಷ್ಯರನ್ನೂ ಕೊಲ್ಲುವ ಹಳದಿ ಜ್ವರವೆಂಬ ರೋಗವುಂಟು. ಅದನ್ನು ಹರಡುವುದು ಸೊಳ್ಳೆ. ಭಾರತದಲ್ಲಿ ಎಂದೂ ಕಾಣದ ಆ ಜ್ವರವೇ ಬಂದಿತೋ ಎಂದು ತಜ್ಞರು ಮೊದಲು ಶಂಕಿಸಿದರು. ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮೊದಲಾದ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ರೋಗಕಾರಕ ವೈರಸ್ಸನ್ನು ಬೇರ್ಪಡಿಸಿ ಪರೀಕ್ಷಿಸಿದರು. ಅದು ಹಳದಿ ಜ್ವರದ್ದಾಗಿರಲಿಲ್ಲ. ರಷ್ಯದ ಕಾಡುಗಳಲ್ಲಿ ಉಣುಗಿನ ಮೂಲಕ ಹರಡುವ ಮೆದುಳು ಜ್ವರದ ವೈರಸ್ಸಿಗೆ ಹತ್ತಿರದ ಬಂಧುವಾಗಿತ್ತು. ಬಂಧುವಿನ ವಾಹನ ಉಣುಗಾದರೆ ಇದರ ವಾಹನವೂ ಉಣುಗೇ ಆಗಿರಬಾರದೇಕೆ? ಈ ಜಾಡು ಹಿಡಿದು ಹುಡುಕಿದಾಗ ಕಾಡಿನ ಉಣುಗುಗಳಲ್ಲಿಯೂ ಅದೇ ವೈರಸ್ ಸಿಕ್ಕಿತು.

ಇವುಗಳಲ್ಲಿ ಮುಖ್ಯವಾದುದು ಹೀಮಾಫೈಸಾಲಿಸ್ ಸ್ಪಿನಿಜೆರ ಎಂಬ ಜಾತಿ. ಇದರ ಬಾಳಿನಲ್ಲಿ ಮೂರು ಅವಸ್ಥೆಗಳು: ಮೊಟ್ಟೆಯೊಡೆದು ಬರುವ ಆರು ಕಾಲಿನ ಮರಿ, ಎಂಟು ಕಾಲಿನ ಎಳೆಯ ಉಣುಗು, ಕೊನೆಗೆ ಬಲಿತ ಉಣುಗು. ಪ್ರತಿಯೊಂದು ಅವಸ್ಥೆಯಲ್ಲಿಯೂ ಒಮ್ಮೆ ಪ್ರಾಣಿಯೊಂದರ ರಕ್ತವನ್ನು ಹೀರಿ ನೆಲಕ್ಕುದುರುವುದು. ಮರಿಯು ರೋಗವುಳ್ಳ ಪ್ರಾಣಿಯ ರಕ್ತವನ್ನು ಹೀರಿದರೆ, ಅದು ಎಳೆಯ ಉಣುಗಾದಾಗಲೂ ವೈರಸ್ ಅದರಲ್ಲಿ ಉಳಿದಿರುವುದು. ಮನುಷ್ಯನನ್ನು ಹೆಚ್ಚಾಗಿ ಕಚ್ಚುವುದು ಈ ಎಳೆಯ ಉಣುಗೇ. ನವೆಂಬರಿನಿಂದ ಮೇ ತಿಂಗಳವರೆಗೆ ದರಗಿನ ಮೇಲೆ ಇವು ಹೇರಳ. ರೋಗಕಾಲವೂ ದರಗಿನ ಕಾಲವೂ ಒಂದೇ ಆಗಲು ಕಾರಣವಿದು. ಬಲಿತ ಉಣುಗುಗಳು ದನಗಳ ರಕ್ತದಿಂದ ಬದುಕಿ ಸಂತಾನವನ್ನು ಹೆಚ್ಚಿಸಿಕೊಳ್ಳುವುವು.

ಹಾಗಾದರೆ ಮಂಗನ ಪಾಲೇನು? ಮುಸುವ, ಕೋತಿ ಎರಡಕ್ಕೂ ಉಣುಗಿನಿಂದಲೇ ರೋಗ ತಗಲುವುದು. ಅವುಗಳ ರಕ್ತದಲ್ಲಿ ವೈರಸ್ ಅಪಾರವಾಗಿ ವೃದ್ಧಿಯಾಗುವುದು. ಮೈಮೇಲಿನ ಉಣುಗುಗಳೆಲ್ಲ ಅದನ್ನು ಹೀರುವುವು. ಮಂಗ ಸತ್ತಾಗ ಆ ಉಣುಗುಗಳು ಅಲ್ಲಿಯೇ ಉದುರಿ, ಆ ನೆಲವು ವಿಷದ ಮಡುವಾಗುವುದು. ಆದುದರಿಂದ ಮಂಗವು ನಮ್ಮಂತೆಯೇ ರೋಗಕ್ಕೆ ಬಲಿ. ಜೊತೆಗೆ, ತಿಳಿಯದೆಯೇ ರೋಗವನ್ನು ಹೆಚ್ಚಿಸುವ ಪ್ರಾಣಿ. ಅದನ್ನು ಕೊಂದರೆ ರೋಗ ನಿಲ್ಲದು. ಸತ್ತ ಮಂಗವು ಕಾಡು ನಮಗೆ ಕಳುಹಿಸಿದ ಎಚ್ಚರಿಕೆಯ ಓಲೆ. ಅದನ್ನು ಮುಟ್ಟದೆ, ಹತ್ತಿರ ಸುಳಿಯದೆ, ಆರೋಗ್ಯ ಕಾರ್ಯಕರ್ತರಿಗೋ ಅರಣ್ಯ ಇಲಾಖೆಗೋ ಕೂಡಲೆ ತಿಳಿಸಬೇಕು. ಅವರು ಆ ಸ್ಥಳದ ಸುತ್ತ ಕೀಟನಾಶಕದ ಪುಡಿಯನ್ನು ಎರಚುವರು.

ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಜ್ವರವು ಥಟ್ಟನೆ ಏರುವುದು. ತಲೆ ಸಿಡಿಯುವಂತಹ ನೋವು, ಮೈಕೈ ನೋವು, ವಾಂತಿ, ಕಣ್ಣು ಕೆಂಪಾಗುವುದು, ಕೆಲವರಿಗೆ ಮೂಗು ಒಸಡುಗಳಿಂದ ರಕ್ತ ಒಸರುವುದು, ಇವು ಲಕ್ಷಣಗಳು. ಬಹುಮಂದಿ ಒಂದೆರಡು ವಾರಗಳಲ್ಲಿ ಗುಣಹೊಂದುವರು. ಕೆಲವರಿಗೆ ಮಾತ್ರ ಜ್ವರ ಬಿಟ್ಟು ಮತ್ತೆ ಬಂದು ಮೆದುಳನ್ನು ಕಾಡುವುದು. ರೋಗಿಗಳಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುವರೆಂಬುದು ಸಾಮಾನ್ಯ ಅಂದಾಜು. ಒಬ್ಬ ಮನುಷ್ಯನಿಂದ ಇನ್ನೊಬ್ಬನಿಗೆ ಇದು ಅಂಟದು. ರೋಗಿಯ ಶುಶ್ರೂಷೆಗೆ ಹೆದರಬೇಕಾಗಿಲ್ಲ.

ಈ ವೈರಸ್ಸನ್ನೇ ನಾಶಪಡಿಸುವ ಔಷಧ ಇನ್ನೂ ಇಲ್ಲ. ಆದರೆ ಚಿಕಿತ್ಸೆಯೇ ಇಲ್ಲವೆಂದು ಭಾವಿಸಬಾರದು. ದೇಹದ ನೀರಿನಂಶವನ್ನು ಕಾಯ್ದು, ರಕ್ತಸ್ರಾವವನ್ನು ಗಮನಿಸುತ್ತ ಆಸ್ಪತ್ರೆಯಲ್ಲಿ ಉಪಚರಿಸಿದರೆ ಅನೇಕರ ಪ್ರಾಣ ಉಳಿಯುವುದು. ರಕ್ತಸ್ರಾವದ ಭಯವಿರುವುದರಿಂದ ಆಸ್ಪಿರಿನ್ನಿನಂತಹ ಮಾತ್ರೆಗಳನ್ನು ತಾವಾಗಿಯೇ ನುಂಗಕೂಡದು.

1990ರಿಂದ ಒಂದು ಲಸಿಕೆ ಬಳಕೆಯಲ್ಲಿತ್ತು. 2005ರಿಂದ 2010ರವರೆಗಿನ ಅವಧಿಯ ಅಧ್ಯಯನದಲ್ಲಿ, ಎರಡು ಸಲ ಚುಚ್ಚಿಸಿಕೊಂಡವರಿಗೆ ಅದರಿಂದ ದೊರೆತ ರಕ್ಷಣೆ ನೂರಕ್ಕೆ 62 ಎಂದು ಕಂಡಿತು. ಲಸಿಕೆ ಪಡೆಯದವರಲ್ಲಿ 100 ಮಂದಿಗೆ ರೋಗ ಬಂದರೆ, ಅಷ್ಟೇ ಜನಸಂಖ್ಯೆಯ ಲಸಿಕೆ ಪಡೆದವರಲ್ಲಿ 38 ಮಂದಿಗೆ ಬರುವುದೆಂದು ಇದರ ಅರ್ಥ. ಶಕ್ತಿ ಸಾಲದೆಂದು 2022ರಲ್ಲಿ ಅದರ ಬಳಕೆ ನಿಂತಿತು. ಹೊಸ ಲಸಿಕೆಗಾಗಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು ಪ್ರಯತ್ನ ಕೈಗೊಂಡಿದೆ.

ಹೀಗಿರಲು ಉಣುಗಿನಿಂದ ದೂರವಿರುವುದೇ ಮೊದಲ ಮದ್ದು. ಕಾಡಿಗೆ ಹೋಗುವಾಗ ಮೈತುಂಬ ಬಟ್ಟೆ ತೊಟ್ಟು, ಆರೋಗ್ಯ ಇಲಾಖೆಯವರು ಹಂಚುವ ಡೇಪಾ ತೈಲವನ್ನು ಕೈಕಾಲುಗಳಿಗೆ ಹಚ್ಚಿಕೊಳ್ಳಬೇಕು. ಹಿಂದಿರುಗಿದೊಡನೆ ಬಟ್ಟೆಗಳನ್ನು ಬಿಸಿನೀರಿನಲ್ಲಿ ನೆನೆಹಾಕಿ, ಸಾಬೂನು ಹಚ್ಚಿ ಸ್ನಾನ ಮಾಡಬೇಕು. ಜ್ವರ ಬಂದರೆ ಕಾಡಿಗೆ ಹೋಗಿದ್ದುದನ್ನು ವೈದ್ಯರಿಗೆ ಮರೆಯದೆ ಹೇಳಬೇಕು.

2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಈ ರೋಗಕ್ಕೆ ಹಲವರು ಬಲಿಯಾದರು. 1957ರಲ್ಲಿ ಒಂದು ಕಾಡಿನ ಹೆಸರು ಹೊತ್ತ ರೋಗವು 1982–83ರಲ್ಲಿ ಬೆಳ್ತಂಗಡಿಯನ್ನೂ, 2012ರಲ್ಲಿ ಬಂಡೀಪುರವನ್ನೂ ಮುಟ್ಟಿತು. ದರಗನ್ನೂ ಸೊಪ್ಪನ್ನೂ ಬಿಟ್ಟು ಮಲೆನಾಡಿನ ಬೇಸಾಯವಿಲ್ಲ. ಕಾಡಿಗೆ ಹೋಗಬೇಡಿರೆಂದು ಯಾರೂ ಹೇಳಲಾರರು. ನಮ್ಮ ವಿದ್ಯಾರ್ಥಿಗಳು ಮನೆಯ ಹಿರಿಯರಿಗೆ ಮಂಗನ ಓಲೆಯನ್ನು ಓದಿ ಹೇಳಬಲ್ಲವರಾದರೆ ಅದೇನು ಕಡಿಮೆ ವಿದ್ಯೆಯಲ್ಲ.