ಮಿದುಳಿನಲ್ಲಿ ಅಡಗಿದ ಎಚ್.ಐ.ವಿ.

ಹೊಲದಲ್ಲಿ ಜೇಕನ್ನು ಎಷ್ಟು ಕಿತ್ತರೂ ಮಣ್ಣಿನೊಳಗೆ ಗೆಡ್ಡೆ ಉಳಿದಿದ್ದರೆ ಒಂದೇ ಮಳೆಗೆ ಮತ್ತೆ ಚಿಗುರುತ್ತದೆ. ಏಡ್ಸ್ ತರುವ ಎಚ್.ಐ.ವಿ. ವೈರಸ್ಸಿನ ಸ್ವಭಾವವೂ ಹೀಗೆಯೇ. ೧೯೯೬ರ ಸುಮಾರಿಗೆ ಬಳಕೆಗೆ ಬಂದ ಬಹು ಔಷಧ ಚಿಕಿತ್ಸೆ ಈ ವೈರಸ್ ವೃದ್ಧಿಯಾಗುವುದನ್ನು ತಡೆಯುತ್ತದೆ. ತಪ್ಪದೆ ಮಾತ್ರೆ ಸೇವಿಸುವವರ ರಕ್ತದಲ್ಲಿ ಅದು ಸಾಮಾನ್ಯ ಪರೀಕ್ಷೆಗೆ ಸಿಗದಷ್ಟು ಕಡಿಮೆಯಾಗುತ್ತದೆ. ಆದರೆ ಮಾತ್ರೆ ನಿಲ್ಲಿಸಿದರೆ ಬಹುತೇಕರಲ್ಲಿ ಕೆಲವೇ ವಾರಗಳಲ್ಲಿ ಮರಳಿ ಬರುತ್ತದೆ. ಹೀಗೇಕೆ?

ಎಚ್.ಐ.ವಿ. ತನ್ನ ಆನುವಂಶಿಕ ಮಾಹಿತಿಯನ್ನು ನಮ್ಮ ಜೀವಕೋಶದ ಡಿ.ಎನ್.ಎ.ಯೊಳಗೇ ಸೇರಿಸಿಬಿಡುತ್ತದೆ. ಔಷಧಗಳು ತಡೆಯುವುದು ವೃದ್ಧಿಯನ್ನು ಮಾತ್ರ. ವೃದ್ಧಿಯಾಗದೆ ಸುಪ್ತವಾಗಿರುವ ವೈರಸ್ಸನ್ನು ಅವು ಮುಟ್ಟಲಾರವು. ಕೆಲವು ಬಿಳಿ ರಕ್ತಕಣಗಳು, ದುಗ್ಧಗ್ರಂಥಿಗಳು ಇಂಥ ಅಡಗುದಾಣಗಳು. ಇವೆಲ್ಲಕ್ಕಿಂತ ಕಷ್ಟದ ತಾಣ ಮಿದುಳು.

ಮಿದುಳಿನ ಸೂಕ್ಷ್ಮ ರಕ್ತನಾಳಗಳ ಗೋಡೆಯ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಹೊಂದಿಕೊಂಡಿವೆ. ಇದೇ ರಕ್ತ-ಮಿದುಳು ತಡೆಗೋಡೆ. ಹಲವು ಔಷಧಗಳು ಇದನ್ನು ಸುಲಭವಾಗಿ ದಾಟುವುದಿಲ್ಲ. ವೈರಸ್ ಮಾತ್ರ ಬಿಳಿ ರಕ್ತಕಣಗಳೊಳಗೆ ಕುಳಿತು ದಾಟುತ್ತದೆ! ಒಳಹೊಕ್ಕ ಮೇಲೆ ಮಿದುಳಿನ ಕಾವಲುಗಾರರಾದ ಮೈಕ್ರೋಗ್ಲಿಯಾ ಕೋಶಗಳಲ್ಲಿ ನೆಲೆಸುತ್ತದೆ. ಈ ಕೋಶಗಳು ವರ್ಷಗಟ್ಟಲೆ ಬದುಕುತ್ತವೆ.

ಇದನ್ನು ಖಚಿತಪಡಿಸುವುದು ಸುಲಭವಾಗಿರಲಿಲ್ಲ. ರಕ್ತ ತೆಗೆದಂತೆ ಬದುಕಿರುವವರ ಮಿದುಳಿನ ಚೂರನ್ನು ತೆಗೆಯಲಾಗದಲ್ಲವೇ? ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 'ಲಾಸ್ಟ್ ಗಿಫ್ಟ್' ಎಂಬ ಯೋಜನೆಯಿದೆ. ಬೇರೆ ಕಾಯಿಲೆಗಳಿಂದ ಕೊನೆಯ ದಿನಗಳನ್ನು ಎಣಿಸುತ್ತಿರುವ ಎಚ್.ಐ.ವಿ. ಸೋಂಕಿತರು ತಮ್ಮ ದೇಹವನ್ನು ಸಂಶೋಧನೆಗೆ ಒಪ್ಪಿಸುತ್ತಾರೆ. ಇಂಥ ದಾನಿಗಳ ಮೈಕ್ರೋಗ್ಲಿಯಾದಲ್ಲಿ, ಚಿಕಿತ್ಸೆ ಪಡೆಯುತ್ತಿದ್ದರೂ, ಮತ್ತೆ ವೃದ್ಧಿಯಾಗಬಲ್ಲ ವೈರಸ್ ಇದ್ದುದನ್ನು ೨೦೨೩ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು.

ಇದನ್ನು ತೊಡೆದುಹಾಕುವುದು ಹೇಗೆ? ಮಲಗಿದ ವೈರಸ್ಸನ್ನು ಎಬ್ಬಿಸಿ ಕೊಲ್ಲುವುದು ಒಂದು ಉಪಾಯ. ಆದರೆ ಇದರಿಂದ ಮಿದುಳಿನಲ್ಲಿ ಉರಿಯೂತ ಉಂಟಾದರೆ ಅಪಾಯ. ವೈರಸ್ ಏಳದಂತೆ ಶಾಶ್ವತವಾಗಿ ಬೀಗ ಹಾಕುವುದು ಎರಡನೆಯದು. ಮೂರನೆಯದು, 'ಕ್ರಿಸ್ಪರ್' ಎಂಬ ಜೀನ್ ಕತ್ತರಿಯಿಂದ ವೈರಸ್ಸಿನ ಭಾಗವನ್ನೇ ಡಿ.ಎನ್.ಎ.ಯಿಂದ ಕತ್ತರಿಸಿ ತೆಗೆಯುವುದು. ೨೦೨೨ರಲ್ಲಿ ಅಮೆರಿಕದಲ್ಲಿ ಇದನ್ನು ಮನುಷ್ಯರ ಮೇಲೆ ಪ್ರಯೋಗಿಸಲಾಯಿತು. ೨೦೨೪ರಲ್ಲಿ ಪ್ರಕಟವಾದ ಫಲಿತಾಂಶದಂತೆ ಗಂಭೀರ ತೊಂದರೆ ಕಾಣಲಿಲ್ಲ. ಆದರೆ ಮಾತ್ರೆ ನಿಲ್ಲಿಸಿದವರಲ್ಲಿ ವೈರಸ್ ಮರಳಿತು. ಕತ್ತರಿಯನ್ನು ಅಡಗುದಾಣದ ಪ್ರತಿ ಕೋಶಕ್ಕೂ ತಲುಪಿಸುವುದೇ ಈಗಿನ ಸವಾಲು.

ಅಲ್ಲಿಯವರೆಗೆ ನಿತ್ಯದ ಮಾತ್ರೆಯೇ ರಕ್ಷೆ. ನಮ್ಮ ದೇಶದಲ್ಲಿ ೨೦೦೪ರಿಂದ ಸರ್ಕಾರ ಇದನ್ನು ಉಚಿತವಾಗಿ ನೀಡುತ್ತಿದೆ. ಸೋಂಕಿತರ ಜೊತೆ ಕುಳಿತು ಓದುವುದರಿಂದ, ಉಣ್ಣುವುದರಿಂದ ಎಚ್.ಐ.ವಿ. ಹರಡದು ಎಂಬುದನ್ನು ಮಕ್ಕಳೂ ಪಾಲಕರೂ ಮರೆಯಬಾರದು.