ಕೊಚ್ಚಿಯ ಹಳೆಯ ಚರ್ಚು, ಈಸ್ಟರ್ ದಿನದಂದು

ಫೋರ್ಟ್ ಕೊಚ್ಚಿಯ ಸೇಂಟ್ ಫ್ರಾನ್ಸಿಸ್ ಚರ್ಚಿಗೆ ಬರುವವರಲ್ಲಿ ಹೆಚ್ಚಿನವರು ಹುಡುಕುವುದು ವಾಸ್ಕೋ ಡ ಗಾಮನ ಸಮಾಧಿಯನ್ನು. 1524ರ ಕ್ರಿಸ್‌ಮಸ್ ಮುನ್ನಾದಿನ ಕೊಚ್ಚಿಯಲ್ಲಿ ತೀರಿಕೊಂಡ ಅವನನ್ನು ಹೂಳಿದ್ದು ಇಲ್ಲೇ. ಆದರೆ ಒಂದೂವರೆ ದಶಕ ಕಳೆಯುವ ಮೊದಲೇ ಅಸ್ಥಿಗಳನ್ನು ಪೋರ್ಚುಗಲ್ಲಿಗೆ ಒಯ್ದರು. ಈಗ ಕಟಕಟೆಯೊಳಗೆ ಉಳಿದಿರುವುದು ಕಲ್ಲು ಮಾತ್ರ. ಐದು ಶತಮಾನ ಬಾಳಿದ ಪ್ರಾರ್ಥನಾಲಯವನ್ನು ಇಷ್ಟಕ್ಕೇ ನೋಡಿ ಹೊರಟುಬಿಡುವುದು ಸರಿಯಲ್ಲ. ಪ್ರತಿ ಕಾಲದಲ್ಲೂ ಯಾರಾದರೊಬ್ಬರು ಇಲ್ಲಿ ಮೊಣಕಾಲೂರಿದ್ದರಿಂದಲೇ ಈ ಕಟ್ಟಡ ಉಳಿದಿದೆ. ಅದು ಕಣ್ಣಿಗೆ ಕಾಣಬೇಕಾದರೆ ಈಸ್ಟರ್ ದಿನವೇ ಹೋಗಬೇಕು.

1503ರಲ್ಲಿ ಪೋರ್ಚುಗೀಸರು ಮರದಲ್ಲಿ ಎಬ್ಬಿಸಿದ ಚರ್ಚು 1516ರ ಹೊತ್ತಿಗೆ ಗಟ್ಟಿ ಕಟ್ಟಡವಾಯಿತು. 1663ರಲ್ಲಿ ಕೊಚ್ಚಿಯನ್ನು ಗೆದ್ದ ಡಚ್ಚರು ಕೆಥೋಲಿಕರ ಹಲವು ಚರ್ಚುಗಳನ್ನು ಕೆಡವಿದರೂ ಇದನ್ನು ತಮ್ಮ ಆರಾಧನೆಗೆ ಇಟ್ಟುಕೊಂಡರು. ಅವರ ಕಾಲದ ಜ್ಞಾನಸ್ನಾನ ಮತ್ತು ಮದುವೆಗಳ ದಾಖಲೆ ಪುಸ್ತಕ ಇಂದಿಗೂ ಇದೆ. 1804ರಲ್ಲಿ ಚರ್ಚು ಆಂಗ್ಲಿಕನ್ನರ ಪಾಲಾಯಿತು, 1947ರ ನಂತರ ದಕ್ಷಿಣ ಭಾರತ ಸಭೆಗೆ ಸೇರಿತು. ಪಕ್ಕದ ಸಾಂತಾಕ್ರೂಜ್ ಚರ್ಚಿನ ಪಾಡು ಬೇರೆ. ಅದನ್ನೂ ಡಚ್ಚರು ಕೆಡವಲಿಲ್ಲ, ಆದರೆ ಆಯುಧಗಳ ಉಗ್ರಾಣವಾಗಿಸಿದರು. ಪ್ರಾರ್ಥನೆ ನಿಂತ ಆ ಕಟ್ಟಡವನ್ನು 1795ರಲ್ಲಿ ಬ್ರಿಟಿಷರು ನೆಲಸಮ ಮಾಡಿದರು. ಇಂದಿನ ಬೆಸಿಲಿಕಾ 1905ರಲ್ಲಿ ಪ್ರತಿಷ್ಠೆಯಾದದ್ದು. ಅದರೊಳಗಿನ ಚಿತ್ರಗಳನ್ನು ಬರೆದವರು ನಮ್ಮ ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲನ್ನು ಚಿತ್ರಗಳಿಂದ ತುಂಬಿದ ಆಂಟೋನಿಯೊ ಮೊಸ್ಕೇನಿ. ಬೆಸಿಲಿಕಾದ ಪ್ರತಿಷ್ಠೆಗೆ ಕೆಲವೇ ದಿನಗಳ ಮೊದಲು ಅವರು ತೀರಿಕೊಂಡರು.

1923ರಿಂದ ಸೇಂಟ್ ಫ್ರಾನ್ಸಿಸ್ ಸಂರಕ್ಷಿತ ಸ್ಮಾರಕ, ಹಾಗಾಗಿ ಅದನ್ನು ಉಳಿಸಿದ್ದು ಕಾನೂನು ಎನ್ನುವವರಿದ್ದಾರೆ. ಕಾನೂನಿನ ಉಪಕಾರ ದೊಡ್ಡದೇ. ಆದರೆ ಅದು ಬರುವ ಮೊದಲಿನ ನಾಲ್ಕು ಶತಮಾನ ಈ ಗೋಡೆಗಳನ್ನು ನೋಡಿಕೊಂಡವರು ಇಲ್ಲಿ ಕೂಡುತ್ತಿದ್ದ ಸಭೆಯವರು. ಅವರ ಜೊತೆಗೆ ಹೆಸರಿಲ್ಲದ ಕೈಗಳೂ ಇದ್ದವು. ಬೆಂಚುಗಳ ಮೇಲೆ ತೂಗುವ ಬಟ್ಟೆಯ ಪಂಖಾಗಳನ್ನೇ ನೋಡಿ: ಅವುಗಳ ಹಗ್ಗವನ್ನು ಹೊರಗೆ ಕುಳಿತ ಆಳುಗಳು ಎಳೆಯುತ್ತಿದ್ದರು. ಒಳಗಿನವರಿಗೆ ಗಾಳಿ ಬೀಸಿದ ಆ ಕೈಗಳಿಗೆ ಇಲ್ಲೊಂದು ಫಲಕವಿಲ್ಲ. ಗೋಡೆಗೆ ಎತ್ತಿ ನಿಲ್ಲಿಸಿದ ಪೋರ್ಚುಗೀಸ್, ಡಚ್ ಗೋರಿಕಲ್ಲುಗಳಷ್ಟೇ ಅವರೂ ಈ ಚರ್ಚಿನ ಚರಿತ್ರೆ.

ಆಕ್ರಮಣಕಾರರು ಕಟ್ಟಿದ್ದಕ್ಕೆ ಇಷ್ಟು ಅಕ್ಕರೆ ಏಕೆ ಎಂಬ ಪ್ರಶ್ನೆ ಇನ್ನೂ ಗಂಭೀರವಾದುದು. ಮೆಣಸಿನ ವ್ಯಾಪಾರಕ್ಕಾಗಿ ಹರಿದ ರಕ್ತವನ್ನು ಮರೆಯುವಂತಿಲ್ಲ. ಆದರೆ ಕೇರಳದ ಕ್ರೈಸ್ತರು ಗಾಮನಿಗಿಂತ ಎಷ್ಟೋ ಹಳಬರು. ಒಂಬತ್ತನೆಯ ಶತಮಾನದ ಕೊಲ್ಲಂ ತಾಮ್ರಶಾಸನಗಳಲ್ಲೇ ಅವರ ಚರ್ಚಿಗೆ ದತ್ತಿ ಕೊಟ್ಟ ದಾಖಲೆಯಿದೆ. ಪೋರ್ಚುಗೀಸ್ ಪಾದ್ರಿಗಳಿಗೆ ಇನ್ನು ತಲೆಬಾಗುವುದಿಲ್ಲವೆಂದು 1653ರಲ್ಲಿ ಅವರು ಆಣೆಯಿಟ್ಟದ್ದು ಇದೇ ಊರಿನ ಮಟ್ಟಾಂಚೇರಿಯಲ್ಲಿ. ಇಂದು ಈ ಬೆಂಚುಗಳಲ್ಲಿ ಕೂತು ಹಾಡುವವರನ್ನು ಗಾಮನ ವಾರಸುದಾರರೆಂದು ಕಾಣುವುದು ತಪ್ಪು.

ಹಬ್ಬದ ದಿನ ಪ್ರವಾಸಿಗರು ನುಗ್ಗಿದರೆ ಆರಾಧನೆಗೆ ಅಡ್ಡಿಯಾಗದೇ? ಆಗುತ್ತದೆ, ನುಗ್ಗಿದರೆ. ಆದ್ದರಿಂದ ಈಸ್ಟರ್‌ಗೆ ಕೊಚ್ಚಿಗೆ ಹೋಗುವವರು ಆರಾಧನೆಯ ವೇಳೆಯನ್ನು ಮೊದಲೇ ವಿಚಾರಿಸಿಕೊಳ್ಳಿ, ಮೊಬೈಲನ್ನು ಜೇಬಿನಲ್ಲೇ ಇಡಿ, ಹಿಂದಿನ ಬೆಂಚಿನಲ್ಲಿ ಕೂತುಕೊಳ್ಳಿ. ಗಾಮನ ಕಲ್ಲನ್ನು ಆಮೇಲೆ ನೋಡಬಹುದು.