ಹೊಗೆಕೊಳವೆಯಿಲ್ಲದ ಹಡಗು

1912ರಲ್ಲಿ ‘ಸೆಲಾಂಡಿಯಾ’ ಎಂಬ ಹೊಸ ಹಡಗು ಡೆನ್ಮಾರ್ಕಿನಿಂದ ಬ್ಯಾಂಕಾಕಿಗೆ ಹೊರಟಾಗ ರೇವಿನಲ್ಲಿದ್ದವರು ಬೆರಗಾದರು. ಅದಕ್ಕೆ ಹೊಗೆಕೊಳವೆಯೇ ಇರಲಿಲ್ಲ! ಡೀಸೆಲ್ ಯಂತ್ರದ ಹೊಗೆಯು ಕೂವೆಮರದ ಮೂಲಕ ಹೊರಹೋಗುತ್ತಿತ್ತು. ಕಲ್ಲಿದ್ದಲಿನ ಕರಿಮೋಡಗಳನ್ನು ಕಂಡಿದ್ದ ಕಣ್ಣುಗಳಿಗೆ, ಇನ್ನು ಕಡಲು ಹೊಗೆಯಿಂದ ಪಾರಾಯಿತೆಂದೇ ತೋರಿರಬೇಕು.

ಆದರೆ ಹೊಗೆ ಮರೆಯಾಗಿತ್ತೇ ಹೊರತು ಇಲ್ಲವಾಗಿರಲಿಲ್ಲ.

ದೊಡ್ಡ ಹಡಗುಗಳು ಬಹುಕಾಲ ಉರಿಸಿದ್ದು ಶುದ್ಧವಾದ ಡೀಸೆಲನ್ನಲ್ಲ. ಕಚ್ಚಾ ತೈಲದಿಂದ ಪೆಟ್ರೋಲು, ಸೀಮೆಎಣ್ಣೆಗಳನ್ನು ತೆಗೆದ ಮೇಲೆ ತಳದಲ್ಲಿ ಉಳಿಯುವ, ಬಿಸಿ ಮಾಡದೆ ಹರಿಯದಷ್ಟು ಮಂದವಾದ ಎಣ್ಣೆಯೇ ಅವುಗಳ ಆಹಾರ. ಅದರಲ್ಲಿ ಗಂಧಕ ಹೇರಳ. ಅದು ಉರಿದಾಗ ಹುಟ್ಟುವ ಅನಿಲವು ರೇವುಪಟ್ಟಣಗಳ ಜನರ ಶ್ವಾಸಕೋಶಗಳನ್ನು ಪೀಡಿಸುತ್ತದೆ, ಮಳೆಯನ್ನು ಆಮ್ಲವಾಗಿಸುತ್ತದೆ.

ಅಂತರರಾಷ್ಟ್ರೀಯ ಸಾಗರ ಸಂಸ್ಥೆಯು ಇದಕ್ಕೆ ಕಡಿವಾಣ ಹಾಕಿತು. ಶೇಕಡಾ 3.5ರಷ್ಟಿದ್ದ ಗಂಧಕದ ಮಿತಿ 2020ರ ಜನವರಿ 1ರಿಂದ ಶೇಕಡಾ 0.5ಕ್ಕೆ ಇಳಿಯಿತು. ಬಾಲ್ಟಿಕ್ ಮತ್ತು ಉತ್ತರ ಸಮುದ್ರಗಳಲ್ಲಿ 2015ರಿಂದಲೇ ಮಿತಿ ಶೇಕಡಾ 0.1.

ಎರಡನೆಯ ಶತ್ರು ಇನ್ನೂ ಜಾಣ. ನೈಟ್ರೋಜನ್ ಆಕ್ಸೈಡುಗಳು ಬಹುಮಟ್ಟಿಗೆ ಎಣ್ಣೆಯಿಂದಲ್ಲ, ಗಾಳಿಯಿಂದಲೇ ಹುಟ್ಟುತ್ತವೆ. ಉರುಳೆಯೊಳಗಿನ ಪ್ರಚಂಡ ಶಾಖದಲ್ಲಿ ಗಾಳಿಯ ನೈಟ್ರೋಜನ್ನೂ ಆಮ್ಲಜನಕವೂ ಕೂಡಿಕೊಳ್ಳುತ್ತವೆ. ಶಾಖವನ್ನು ತಗ್ಗಿಸಿದರೆ ಇವು ಕಡಿಮೆಯಾಗುವುದೇನೋ ನಿಜ; ಆದರೆ ಮಸಿಯೂ ಎಣ್ಣೆಯ ಖರ್ಚೂ ಏರುತ್ತವೆ. ಆದುದರಿಂದ ಹೊಗೆಯ ದಾರಿಯಲ್ಲೇ ಯೂರಿಯಾ ದ್ರಾವಣವನ್ನು ಸಿಂಪಡಿಸುವ ಉಪಾಯವೊಂದುಂಟು. ವೇಗವರ್ಧಕದ ಸಮ್ಮುಖದಲ್ಲಿ ಆ ವಿಷವು ಮರಳಿ ನಿರಪಾಯದ ನೈಟ್ರೋಜನ್ನೂ ನೀರಾವಿಯೂ ಆಗುತ್ತದೆ. ನಮ್ಮ ರೈತನ ಗೊಬ್ಬರವೇ ಕಡಲಿನಲ್ಲಿ ಔಷಧ!

ಆದರೆ ಎಲ್ಲ ಉಪಾಯಗಳೂ ನಿರ್ಮಲವಲ್ಲ. ಅಗ್ಗದ ಎಣ್ಣೆಯನ್ನು ಬಿಡಲೊಪ್ಪದ ಅನೇಕ ಹಡಗುಗಳು ಹೊಗೆಯನ್ನು ಸಮುದ್ರದ ನೀರಿನಿಂದ ತೊಳೆಯುವ ಯಂತ್ರವನ್ನು ಕೂಡಿಸಿಕೊಂಡಿವೆ. ಗಾಳಿಯೇನೋ ಶುದ್ಧವಾಯಿತು, ತೊಳೆದ ಕೊಳೆನೀರು ಎಲ್ಲಿಗೆ ಹೋಯಿತು? ಎಷ್ಟೋ ಹಡಗುಗಳಲ್ಲಿ ಕಡಲಿಗೇ! ಮನೆಯ ಕಸವನ್ನು ಗುಡಿಸಿ ನೆರೆಯವನ ಅಂಗಳಕ್ಕೆ ಎಸೆದಂತಾಯಿತು. ಅಂತೆಯೇ ಹಲವು ರೇವುಗಳು ಈ ನೀರನ್ನು ಸುರಿಯುವುದನ್ನು ನಿಷೇಧಿಸಿವೆ.

ಶತಮಾನದ ಹಿಂದೆ ‘ಸೆಲಾಂಡಿಯಾ’ ಹೊಗೆಯನ್ನು ಕಣ್ಣಿಗೆ ಮರೆಮಾಡಿತು. ಅದನ್ನು ನೀರಿನಲ್ಲಿ ಮರೆಮಾಡುವುದೂ ಪರಿಹಾರವಲ್ಲ. ಕೊಳೆಯನ್ನು ಹುಟ್ಟುವಲ್ಲಿಯೇ ತಡೆಯುವವರೆಗೆ, ಹಡಗಿಗೆ ನಾವು ಕಟ್ಟುವ ಬಾಡಿಗೆಯಲ್ಲಿ ಒಂದು ಪಾಲನ್ನು ರೇವಿನ ಮಕ್ಕಳ ಉಸಿರೇ ತೆರುತ್ತಿರುತ್ತದೆ.